ರಜೆಯ ತೂಕ ಇಳಿಕೆ ಶಿಬಿರಗಳು: ಅಡುಗೆಮನೆಯ ಕಡೆಯಿಂದ ಒಂದಿಷ್ಟು ವಿಚಾರ

ಗುಜರಾತಿನ ಶಾಲೆಗಳಿಗೆ ಮೇ ತಿಂಗಳ ಆರಂಭದಿಂದ ಸುಮಾರು 35 ದಿನ ಬೇಸಿಗೆ ರಜೆ. ಈ ರಜೆಯಲ್ಲಿ ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಈಜು, ಸ್ಕೇಟಿಂಗ್, ಚಿತ್ರಕಲೆಯ ಶಿಬಿರಗಳ ಜೊತೆಗೆ ಮೈತೂಕ ಇಳಿಸುವ ಶಿಬಿರಗಳೂ ನಡೆಯುತ್ತವೆ. ವ್ಯಾಯಾಮಶಾಲೆಯವರು, ಶಾಲೆಯ ಟ್ರಸ್ಟಿನವರು, ಸಮಾಜದ ವಾಡಿ ನಡೆಸುವವರು ಇಂಥ ಶಿಬಿರಕ್ಕೆ ಊಟ ತಿಂಡಿ ಒದಗಿಸುವಿರಾ ಎಂದು ನಮ್ಮ ಸದಸ್ಯರನ್ನು ಕೇಳುವುದುಂಟು. ನಮ್ಮ ಇಡ್ಲಿಗೆ ಎಣ್ಣೆ ಇಲ್ಲ ಎಂಬ ಒಳ್ಳೆಯ ಹೆಸರು ಅದಕ್ಕೆ ಒಂದು ಕಾರಣ. ಮೇ ತಿಂಗಳಲ್ಲಿ ಮಧ್ಯಾಹ್ನದ ಗಿರಾಕಿ ಕಡಿಮೆ, ಆದ್ದರಿಂದ ಒಪ್ಪಿಬಿಡೋಣ ಎಂದು ನಮಗೂ ಅನಿಸುತ್ತದೆ. ಇನ್ನು ಕೆಲವರಿಗೆ ಮೇಲಿನ ಮಹಡಿಯ ಹಾಲ್ ಖಾಲಿ ಇದೆ, ಒಬ್ಬ ವ್ಯಾಯಾಮ ಶಿಕ್ಷಕರನ್ನು ಇಟ್ಟುಕೊಂಡು ನಾವೇ ಶಿಬಿರ ನಡೆಸಿದರೆ ಹೇಗೆ ಎಂಬ ಯೋಚನೆಯೂ ಇದೆ.

ಒಪ್ಪಿಕೊಳ್ಳುವುದು ತಪ್ಪಲ್ಲ. ಆದರೆ ಇದು ಮದುವೆ ಊಟದ ಕ್ಯಾಟರಿಂಗ್ ಅಲ್ಲ, ಆಫೀಸಿನ ಟಿಫಿನ್ ಸಪ್ಲಾಯ್ ಕೂಡ ಅಲ್ಲ. ಇಲ್ಲಿ ಊಟ ಮಾಡುವವರು ಬೆಳೆಯುವ ಮಕ್ಕಳು. ತಟ್ಟೆಗೆ ಹೆಚ್ಚು ಬಿದ್ದರೆ ಶಿಬಿರ ವ್ಯರ್ಥ, ಕಡಿಮೆ ಬಿದ್ದರೆ ಮಗುವಿಗೆ ಅಪಾಯ. ಎರಡರಲ್ಲೂ ಮೊದಲು ಬೆರಳು ತೋರಿಸುವುದು ಅಡುಗೆಯವರ ಕಡೆಗೆ.

ಈ ಶಿಬಿರಗಳ ಮೂಲ ಹೊರದೇಶದ್ದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1968ರಲ್ಲಿ ಆರಂಭವಾದ ಕ್ಯಾಂಪ್ ಶೇನ್ ದಶಕಗಳ ಕಾಲ ನಡೆಯಿತು. ಇಂಗ್ಲೆಂಡಿನ ಲೀಡ್ಸ್ ನಗರದ ವಿಶ್ವವಿದ್ಯಾಲಯವೊಂದು 1999ರಲ್ಲಿ ತಜ್ಞರ ಮೇಲ್ವಿಚಾರಣೆಯಲ್ಲಿ ಬೇಸಿಗೆ ಶಿಬಿರ ಆರಂಭಿಸಿತು. ಅದರ ಬಗ್ಗೆ 2005ರಲ್ಲಿ ಪ್ರಕಟವಾದ ವರದಿಯ ಪ್ರಕಾರ, 185 ಮಕ್ಕಳು ಸರಾಸರಿ 29 ದಿನ ಅಲ್ಲಿದ್ದು ಸರಾಸರಿ 6 ಕಿಲೋ ಇಳಿಸಿಕೊಂಡರು. ಇದು ತಜ್ಞರು ಹಗಲು ರಾತ್ರಿ ಜೊತೆಗಿದ್ದು, ತಂಪು ಹವೆಯಲ್ಲಿ ದಿನವಿಡೀ ಆಡಿಸಿ ಸಾಧಿಸಿದ ಫಲ. ಇದನ್ನೇ ಮುಂದಿಟ್ಟು ನಮ್ಮಲ್ಲಿ ಯಾರಾದರೂ "10 ದಿನದಲ್ಲಿ 10 ಕಿಲೋ" ಎಂದು ಕರಪತ್ರ ಹೊರಡಿಸಿದರೆ, ಅಂಥವರ ಜೊತೆ ವ್ಯವಹಾರವೇ ಬೇಡ. ಚಿಕ್ಕ ಮಕ್ಕಳಲ್ಲಿ ಅನೇಕ ವೇಳೆ ತೂಕ ಏರದಂತೆ ನೋಡಿಕೊಂಡರೆ ಸಾಕು, ಎತ್ತರ ಬೆಳೆದಂತೆ ಮೈ ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ ವೈದ್ಯರು. ಇಳಿಸಲೇಬೇಕಾದ ದೊಡ್ಡ ಮಕ್ಕಳಲ್ಲೂ ವಾರಕ್ಕೆ ಅರ್ಧ ಕಿಲೋ ಒಳ್ಳೆಯ ಗತಿ.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ್ದು ಪ್ರಕೃತಿ ಚಿಕಿತ್ಸಾಲಯ. ಧರ್ಮಸ್ಥಳದ ಶಾಂತಿವನದ ಹೆಸರು ನಮ್ಮವರಿಗೆಲ್ಲ ಗೊತ್ತು. ಅಲ್ಲಿನ ಪಥ್ಯ ನೋಡಿ ಬಂದವರು ಅದನ್ನೇ ಮಕ್ಕಳ ಶಿಬಿರಕ್ಕೂ ಹಾಕೋಣ ಎನ್ನಬಹುದು. ಬೇಡ. ಅದು ವೈದ್ಯರು ಒಬ್ಬೊಬ್ಬರನ್ನೂ ಪರೀಕ್ಷಿಸಿ ಬರೆದುಕೊಡುವ ಪಥ್ಯ. ಬೆಳಿಗ್ಗೆ ಎರಡು ಗಂಟೆ ಓಡಿ ಬಂದ 13 ವರ್ಷದ ಹುಡುಗನಿಗೆ ರಸಾಹಾರ ಕೊಟ್ಟು ಕೂರಿಸಿದರೆ ಅವನು ತಲೆ ತಿರುಗಿ ಬೀಳುತ್ತಾನೆ.

ಗುಜರಾತಿನಲ್ಲಿ ಈಚೆಗೆ ಈ ವಿಷಯಕ್ಕೆ ಸರಕಾರದ ಒತ್ತೂ ಸಿಕ್ಕಿದೆ. 2025ರಲ್ಲಿ ರಾಜ್ಯದಲ್ಲಿ "ಸ್ವಸ್ಥ ಗುಜರಾತ್, ಮೇದಸ್ವಿತಾ ಮುಕ್ತ ಗುಜರಾತ್" ಅಭಿಯಾನ ನಡೆಯಿತು. ಅದೇ ವರ್ಷ ಮಾರ್ಚ್ 7ರಂದು ಸೂರತ್‌ನ ಸಭೆಯಲ್ಲಿ ಪ್ರಧಾನಿಯವರು ಬೊಜ್ಜಿನ ವಿಷಯ ಎತ್ತಿ, ಅಡುಗೆಗೆ ಎಣ್ಣೆಯನ್ನು ನೂರಕ್ಕೆ 10ರಷ್ಟು ಕಡಿಮೆ ಮಾಡಿ ಎಂದು ಕೇಳಿಕೊಂಡರು. ಆದರೆ ಇದೇ ರಾಜ್ಯದಲ್ಲಿ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು ಎಂಬುದನ್ನೂ ಮರೆಯುವಂತಿಲ್ಲ. ದಪ್ಪ ಕಾಣುವ ಮಗು ಪುಷ್ಟಿಯಾಗಿದೆ ಎಂದೇನೂ ಅಲ್ಲ. ಫಾಫಡಾ, ವೇಫರ್, ತಂಪು ಪಾನೀಯದಲ್ಲಿ ಬೆಳೆದ ದಪ್ಪ ಮಗುವಿಗೂ ರಕ್ತ ಕಡಿಮೆ ಇರಬಹುದು.

ಊಟದ ಪಟ್ಟಿ ಯಾರು ಬರೆಯಬೇಕು?

ನಾವು ಬರೆಯಬಾರದು. ಶಿಬಿರದವರು ಮಕ್ಕಳ ವೈದ್ಯರನ್ನೂ ಅರ್ಹ ಆಹಾರ ತಜ್ಞರನ್ನೂ ಇಟ್ಟುಕೊಂಡಿರಬೇಕು. ಪಟ್ಟಿಯ ಮೇಲೆ ಅವರ ಸಹಿ ಇರಬೇಕು. ಆಹಾರ ತಜ್ಞರು ಇಲ್ಲಿ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೋಷಣೆಗೇ ಒಂದು ಹೆಸರಾಂತ ವಿಭಾಗವಿದ್ದು, ಅಲ್ಲಿ ಕಲಿತವರು ಮೂರೂ ನಗರಗಳಲ್ಲಿದ್ದಾರೆ. ಮಗು ದಪ್ಪವೋ ಅಲ್ಲವೋ ಎಂದು ನಿರ್ಧರಿಸುವುದಕ್ಕೂ ದೊಡ್ಡವರ ಲೆಕ್ಕ ಬರುವುದಿಲ್ಲ. ವಯಸ್ಸು, ಗಂಡು ಹೆಣ್ಣು ನೋಡಿ ಭಾರತೀಯ ಮಕ್ಕಳ ವೈದ್ಯರ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಬೇಕು. ಥೈರಾಯ್ಡ್, ಸಕ್ಕರೆ ಕಾಯಿಲೆ, ಆಸ್ತಮಾ, ಕಡಲೆಕಾಯಿ ಒಗ್ಗದಿರುವುದು ಇವೆಲ್ಲ ಮಗುವಿನ ಹೆಸರಿನ ಎದುರು ಬರೆದ ಒಂದು ಪ್ರತಿ ನಮ್ಮ ಅಡುಗೆಮನೆಯ ಗೋಡೆಗೂ ಬರಬೇಕು.

ಪಟ್ಟಿ ಬಂದಾಗ ನಾವು ನೋಡಿಕೊಳ್ಳಬೇಕಾದ ಒಂದು ವಿಷಯವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಕೋಷ್ಟಕದಂತೆ ಸಾಮಾನ್ಯ ಮೈಕಟ್ಟಿನ, ಆಡಿ ಓಡುವ 10ರಿಂದ 12 ವರ್ಷದ ಹುಡುಗನಿಗೆ ದಿನಕ್ಕೆ 2,220, ಹುಡುಗಿಗೆ 2,060 ಕ್ಯಾಲೊರಿ ಬೇಕು. 13ರಿಂದ 15ರವರಿಗೆ ಕ್ರಮವಾಗಿ 2,860 ಮತ್ತು 2,400. ಶಿಬಿರದಲ್ಲಿ ಇದಕ್ಕಿಂತ ಎಷ್ಟು ಕಡಿಮೆ ಮಾಡಬೇಕೆಂಬುದು ತಜ್ಞರಿಗೆ ಬಿಟ್ಟದ್ದು. ಆದರೆ ದಿನಕ್ಕೆ 800 ಕ್ಯಾಲೊರಿಯ ಪಟ್ಟಿ ಸಹಿ ಇಲ್ಲದೆ ನಿಮ್ಮ ಕೈಗೆ ಬಂದರೆ, ಅದರಲ್ಲಿ ಅಡುಗೆ ಮಾಡುವುದಕ್ಕೆ ನೀವೂ ಹೊಣೆಗಾರರಾಗುತ್ತೀರಿ.

ಅಡುಗೆಮನೆಯ ಲೆಕ್ಕ

ಅದೇ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ತಟ್ಟೆಯ ಅಳತೆ ಕೊಟ್ಟಿದ್ದಾರೆ: ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ 400, ಹಣ್ಣು 100, ಎಣ್ಣೆಬೀಜ ಮತ್ತು ಗೋಡಂಬಿ ಬಾದಾಮಿಯಂಥವು 35, ಎಣ್ಣೆ ತುಪ್ಪ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ. 50 ಮಕ್ಕಳಿಗೆ ಇದನ್ನು ಗುಣಿಸಿ ನೋಡಿ. ದಿನಕ್ಕೆ ಅಕ್ಕಿ, ಗೋಧಿ, ಜೋಳ ಸೇರಿ ಹನ್ನೆರಡೂವರೆ ಕಿಲೋ, ಬೇಳೆಕಾಳು ನಾಲ್ಕೂಕಾಲು ಕಿಲೋ, ಹಾಲು ಮೊಸರು 15 ಲೀಟರ್, ಹಣ್ಣು 5 ಕಿಲೋ, ತರಕಾರಿ 20 ಕಿಲೋ. ಎಣ್ಣೆ ಮಾತ್ರ 1 ಕಿಲೋ 350 ಗ್ರಾಂ. ಅಂದರೆ 30 ದಿನದ ಶಿಬಿರಕ್ಕೆ ನಲವತ್ತು ಕಿಲೋ ಚಿಲ್ಲರೆ, 15 ಕಿಲೋದ ಸಿಂಗ್‌ತೇಲ್ ಡಬ್ಬ ಮೂರು ತಂದರೆ ಉಳಿಯುತ್ತದೆ!

ಈ ಲೆಕ್ಕ ನೋಡಿದ ಕೂಡಲೇ ಶಿಬಿರದವರು "ಎಣ್ಣೆ ಉಳಿಯಿತಲ್ಲ, ರೇಟು ಕಡಿಮೆ ಮಾಡಿ" ಎನ್ನುತ್ತಾರೆ. ಒಪ್ಪಬೇಡಿ. ಹೊಟ್ಟೆ ತುಂಬಿಸುವ ಅತಿ ಅಗ್ಗದ ವಸ್ತುಗಳೆಂದರೆ ಬಟಾಟೆ, ಮೈದಾ, ಸಕ್ಕರೆ ಮತ್ತು ಎಣ್ಣೆ. ಅವು ನಾಲ್ಕನ್ನೂ ತೆಗೆದ ಮೇಲೆ ಮೇ ತಿಂಗಳ ಉರಿಯಲ್ಲಿ ದಿನಕ್ಕೆ 20 ಕಿಲೋ ತರಕಾರಿ ತಂದು, ತೊಳೆದು, ಹೆಚ್ಚಬೇಕು. ಕೈಗೆಲಸ ಹೆಚ್ಚು, ಮಾಲೂ ತುಟ್ಟಿ. ಸಾಮಾನ್ಯ ಥಾಳಿಗಿಂತ ಈ ಊಟದ ಅಸಲು ಹೆಚ್ಚೇ ಬೀಳುತ್ತದೆ.

ಎಣ್ಣೆಯ ವಿಷಯದಲ್ಲಿ ನಮ್ಮ ಭಟ್ಟರ ಕೈ ಅಳತೆ ಬಹಳ ಉದಾರ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಸಣ್ಣ ಚಮಚ 5 ಗ್ರಾಂ, ಅಂದರೆ 45. ಕಾವಲಿಯ ಮೇಲೆ ದೋಸೆಯ ಸುತ್ತ ಸುರಿಯುವ ಒಂದು ಧಾರೆ ಸುಲಭವಾಗಿ ಮೂರು ಚಮಚ ದಾಟುತ್ತದೆ, 135 ಕ್ಯಾಲೊರಿ ಆಯಿತು. ಬಾಯಲ್ಲಿ ಹೇಳಿದರೆ ಇದು ಕಡಿಮೆಯಾಗುವುದಿಲ್ಲ. ಪ್ರತಿದಿನ ಬೆಳಿಗ್ಗೆ ಆ ದಿನದ ಎಣ್ಣೆಯನ್ನು ತೂಗಿ ಒಂದು ಪಾತ್ರೆಯಲ್ಲಿ ಹಾಕಿ ಕೊಡಿ, ಡಬ್ಬಕ್ಕೆ ಬೀಗ ಹಾಕಿ. ಸಂಜೆಗೆ ಪಾತ್ರೆ ಖಾಲಿಯಾದರೆ ರಾತ್ರಿಗೆ ಹಬೆಯ ಅಡುಗೆ. ನಾಲ್ಕು ದಿನದಲ್ಲಿ ಭಟ್ಟರ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ಎಣ್ಣೆಗಿಂತ ಮೋಸದ್ದು ಬೆಲ್ಲ ಸಕ್ಕರೆ. ಗುಜರಾತಿಗೆ ಬಂದು ನೆಲೆಸಿದ ನಾವು ಇಲ್ಲಿನ ನಾಲಗೆಗೆ ಹೊಂದಿಸಿ ಸಾಂಬಾರಿಗೆ ಬೆಲ್ಲ ಹಾಕಲು ಕಲಿತವರು. ದಾಲ್, ಶಾಕ್, ಸಾಂಬಾರು, ಚಟ್ನಿ ನಾಲ್ಕಕ್ಕೂ ಒಂದೊಂದು ತಟ್ಟೆಗೆ 5 ಗ್ರಾಂನಂತೆ ಹಿಡಿದರೂ ಎರಡು ಹೊತ್ತಿಗೆ 40 ಗ್ರಾಂ, ಸುಮಾರು 150 ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಟ್ಟು ಕ್ಯಾಲೊರಿಯ ನೂರಕ್ಕೆ 10, ಅಂದರೆ 2,000ಕ್ಕೆ 50 ಗ್ರಾಂ. ಸಿಹಿತಿಂಡಿ, ಚಹಾ, ಶರಬತ್ತು ಏನೂ ಇಲ್ಲದೆಯೇ ಮಿತಿ ಮುಗಿಯುತ್ತ ಬಂತು. ಊರಿನ ಸಾಂಬಾರಿನಂತೆ ಹುಣಸೆ, ಕೊತ್ತಂಬರಿ, ಮೆಂತ್ಯದ ಪರಿಮಳ ಮುಂದೆ ಬರುವಂತೆ ಮಾಡಿ ಬೆಲ್ಲವನ್ನು ಕಾಲು ಭಾಗಕ್ಕೆ ಇಳಿಸಿ. ಮೊದಲೆರಡು ದಿನ ಮಕ್ಕಳು ಮುಖ ಸಿಂಡರಿಸಿಕೊಳ್ಳುತ್ತಾರೆ, ಅಷ್ಟೇ.

ಮೇ ತಿಂಗಳೆಂದರೆ ಇಲ್ಲಿ ಕೇಸರ್ ಮಾವಿನ ಕಾಲ. ಮನೆ ಮನೆಯಲ್ಲೂ ರಸ ಪೂರಿ. ಶಿಬಿರದಲ್ಲಿ ಮಾವನ್ನು ಪೂರ್ತಿ ನಿಷೇಧಿಸಿದರೆ ಮಕ್ಕಳು ಮನೆಗೆ ಹೋಗಿ ಇಮ್ಮಡಿ ತಿನ್ನುತ್ತಾರೆ. 200 ಗ್ರಾಂ ತಿರುಳಿನಲ್ಲಿರುವುದು ಸುಮಾರು 120 ಕ್ಯಾಲೊರಿ. ತೊಂದರೆ ಕೊಡುವುದು ಅದಕ್ಕೆ ಬೆರೆಸುವ ಸಕ್ಕರೆ ಮತ್ತು ಜೊತೆಯ ಪೂರಿ. ವಾರಕ್ಕೆ ಎರಡು ಸಲ ಊಟದ ಜೊತೆ ಹೋಳು ಮಾಡಿದ ಹಣ್ಣನ್ನು ತೂಕ ಮಾಡಿ ಕೊಡಬಹುದೇ ಎಂದು ತಜ್ಞರನ್ನು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ಇನ್ನು ತಿಂಡಿ. ನಮ್ಮ ಊರಿನದೂ ಗುಜರಾತಿನದೂ ಹಬೆಯ ತಿಂಡಿಗಳು ಎಷ್ಟೊಂದು ಇವೆ! ಇಡ್ಲಿ, ಪುಂಡಿ, ಕೊಟ್ಟೆ ಕಡುಬು, ಢೋಕ್ಲಾ, ಮುಠಿಯಾ, ಖೀಚು. ಇಲ್ಲಿಯವರ ಪಾತ್ರಾ ಎಂದರೆ ನಮ್ಮ ಪತ್ರೊಡೆಯ ದಾಯಾದಿಯೇ, ಬೇಯಿಸಿದ ಮೇಲೆ ಹುರಿಯದಿದ್ದರೆ ಆಯಿತು. ಆದರೆ ಹಬೆಯದ್ದೆಂದು ಕಣ್ಣು ಮುಚ್ಚಬಾರದು. ಸೂರತ್‌ನ ಲೋಚೋ ಹಬೆಯದ್ದೇ, ಮೇಲೆ ಸುರಿಯುವ ಬೆಣ್ಣೆ ಮತ್ತು ಸೇವ್ ಹಬೆಯದ್ದಲ್ಲ. ಖೀಚು ಮೇಲೆ ಹಸಿ ಎಣ್ಣೆ ಹಾಕಿಯೇ ಕೊಡುವುದು ರೂಢಿ. ವಡೋದರಾದ ಸೇವ್ ಉಸಳಿನಲ್ಲಿ ಉಸಳ್ ಬಹಳ ಒಳ್ಳೆಯದು, ಸೇವ್ ತೆಗೆದು ಈರುಳ್ಳಿ ಸೌತೆ ಹೆಚ್ಚಿ ಹಾಕಿ. ನಮ್ಮ ಇಡ್ಲಿಯೂ ಬರೀ ಅಕ್ಕಿಯಾದರೆ ಎರಡು ಗಂಟೆಯಲ್ಲಿ ಹಸಿವು ಬರುತ್ತದೆ. ಒಂದಕ್ಕೆ ನಾಲ್ಕು ಹಾಕುವವರು ಉದ್ದನ್ನು ಹೆಚ್ಚಿಸಿ ಒಂದಕ್ಕೆ ಎರಡೂವರೆಗೆ ಬನ್ನಿ. ವಾರದಲ್ಲಿ ಎರಡು ದಿನ ಹೆಸರುಕಾಳಿನ ದೋಸೆ ಇಡಿ. ತೆಂಗಿನ ಚಟ್ನಿಗೆ ಬದಲು ಪುದೀನ, ಹೀರೆ ಸಿಪ್ಪೆ, ಟೊಮೆಟೊ ಚಟ್ನಿ.

ಮೊಟ್ಟೆ ಇಲ್ಲಿ ನಡೆಯುವುದಿಲ್ಲ, ಆದ್ದರಿಂದ ಪ್ರೊಟೀನ್ ಎಲ್ಲಿಂದ ಎಂಬುದು ದೊಡ್ಡ ಪ್ರಶ್ನೆ. 13ರಿಂದ 15 ವರ್ಷದವರಿಗೆ ದಿನಕ್ಕೆ ಸುಮಾರು 45 ಗ್ರಾಂ ಬೇಕು. ತೆಳ್ಳಗಿನ ದಾಲ್‌ನಿಂದ ಅದು ಬರುವುದಿಲ್ಲ. ಮೊಳಕೆ ಹೆಸರಿನ ಕೋಸಂಬರಿ, ಗಟ್ಟಿ ಮೊಸರು, ಪನೀರ್, ಸೋಯಾ, ಕಡಲೆ ಉಸಳಿ ಪ್ರತಿ ಊಟದಲ್ಲೂ ಒಂದಿರಲಿ. ಜೈನ ಮಕ್ಕಳಿಗೆ ಬಟಾಟೆ, ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ ಇಲ್ಲ. ಸ್ವಾಮಿನಾರಾಯಣ ಮನೆಯವರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಎಲ್ಲರಿಗೂ ಜೈನ ಕ್ರಮದಲ್ಲೇ ಮಾಡಿದರೆ ಪಾತ್ರೆ ಬೇರೆ ಮಾಡುವ ಗೊಂದಲ ತಪ್ಪುತ್ತದೆ. ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ಚೌವಿಹಾರದ ಪದ್ಧತಿಯಂತೂ ಶಿಬಿರಕ್ಕೆ ಹೇಳಿ ಮಾಡಿಸಿದಂತಿದೆ. 7 ಗಂಟೆಯೊಳಗೆ ಎಲ್ಲರ ಊಟ ಮುಗಿದರೆ ನಮ್ಮ ಹುಡುಗರಿಗೂ ಬೇಗ ಬಿಡುವು.

ಬಡಿಸುವ ಕ್ರಮವನ್ನೂ ಬದಲಾಯಿಸಬೇಕು. "ಇನ್ನೊಂದು ಹಾಕಲಾ?" ಎಂದು ಕೇಳಿ ಬಡಿಸುವುದು ನಮ್ಮ ಸಂಸ್ಕಾರ, ಅದು ಇಲ್ಲಿ ನಡೆಯುವುದಿಲ್ಲ. ಆದರೆ ಮಗು ಹಸಿದು ಏಳಬಾರದು. ಮೊದಲು ಮಜ್ಜಿಗೆ ಮತ್ತು ಕೋಸಂಬರಿ, ಐದು ನಿಮಿಷ ಬಿಟ್ಟು ಉಳಿದದ್ದು. ಅನ್ನ, ರೋಟಿ ಅಳತೆಯ ಸೌಟಿನಲ್ಲಿ ಒಮ್ಮೆ, ತರಕಾರಿ, ದಾಲ್, ಮಜ್ಜಿಗೆ ಬೇಕಾದಷ್ಟು. ಹಸಿದು ಎದ್ದ ಮಗು ಗೇಟಿನಾಚೆಯ ಲಾರಿಗೆ ಹೋಗುತ್ತದೆ. ಶಿಬಿರದ ಕಂಪೌಂಡ್ ಪಕ್ಕದಲ್ಲೇ ದಾಬೇಲಿ ಲಾರಿಯವನಿಗೆ ಒಳ್ಳೆಯ ವ್ಯಾಪಾರ ಆಗುತ್ತಿದ್ದರೆ, ನಮ್ಮ ಊಟದಲ್ಲಿ ಏನೋ ಕೊರತೆ ಇದೆ ಎಂದು ತಿಳಿಯಿರಿ.

ಬಿಸಿಲು

ಅಹಮದಾಬಾದಿನ ಮೇ ತಿಂಗಳ ಬಗ್ಗೆ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. 2010ರ ಮೇಯಲ್ಲಿ ಪಾರ 46.8 ಡಿಗ್ರಿ ಮುಟ್ಟಿ ನೂರಾರು ಜನ ಸತ್ತ ಮೇಲೆ ಮಹಾನಗರಪಾಲಿಕೆ 2013ರಲ್ಲಿ ಬಿಸಿಲಿನ ವಿರುದ್ಧ ಕಾರ್ಯಯೋಜನೆ ತಂದಿತು. 2016ರ ಮೇ 20ರಂದು 48 ಡಿಗ್ರಿ ದಾಖಲಾಯಿತು. ದಪ್ಪ ಮೈಯವರಿಗೆ ಬಿಸಿಲಿನ ಬಾಧೆ ಇತರರಿಗಿಂತ ಹೆಚ್ಚು. ಬೆವರು ಸುರಿಸಿದರೆ ತೂಕ ಇಳಿಯುತ್ತದೆ ಎಂದು ಮಧ್ಯಾಹ್ನ ಓಡಿಸುವ, ಪ್ಲಾಸ್ಟಿಕ್ ಜಾಕೆಟ್ ಹಾಕಿಸುವ ಶಿಕ್ಷಕರಿದ್ದಾರೆ. ಇಳಿಯುವುದು ನೀರು ಮಾತ್ರ, ಸಂಜೆಗೆ ತಿರುಗಿ ಬರುತ್ತದೆ. ಮೈದಾನದ ಆಟ ಬೆಳಿಗ್ಗೆ 6ರಿಂದ 8, ಸಂಜೆ 6ರ ನಂತರ ಎಂದು ಕರಾರಿನಲ್ಲೇ ಬರೆಸಿ. ಅವರ ವೇಳಾಪಟ್ಟಿಗೂ ನಮಗೂ ಏನು ಸಂಬಂಧ ಎನ್ನಬಹುದು. ಮಗು ಕುಸಿದು ಬಿದ್ದರೆ "ಊಟದಲ್ಲಿ ಏನೋ ಆಯಿತು" ಎಂಬ ಮಾತು ಮೊದಲು ಬರುತ್ತದೆ, ಸಂಬಂಧ ಅದು. ಉಪ್ಪು ಜೀರಿಗೆಯ ತೆಳು ಮಜ್ಜಿಗೆ, ನಿಂಬೆ ನೀರು, ಓಆರ್‌ಎಸ್ ಪೊಟ್ಟಣ ಸದಾ ಕೈಗೆ ಸಿಗುವಂತಿರಲಿ. ಬಾಟಲಿಯ ಎನರ್ಜಿ ಡ್ರಿಂಕ್ ಒಳಗೆ ಬರುವುದೇ ಬೇಡ.

ಇದೇ ಬಿಸಿಲು ನಮ್ಮ ಪದಾರ್ಥಕ್ಕೂ ಶತ್ರು. ರಾತ್ರಿ ರುಬ್ಬಿದ ಹಿಟ್ಟು ಬೆಳಗಾಗುವ ಮೊದಲೇ ಹುಳಿ ಮೀರುತ್ತದೆ, ತಣ್ಣೀರಿನಲ್ಲಿ ರುಬ್ಬಿ, ಉಬ್ಬಿದ ಕೂಡಲೇ ಫ್ರಿಜ್ಜಿಗೆ ಹಾಕಿ. ಹೆಚ್ಚಿದ ಹಣ್ಣು, ಚಟ್ನಿ, ಮೊಳಕೆಕಾಳು ಇವನ್ನು 32 ಡಿಗ್ರಿ ದಾಟಿದ ಹವೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಮೊಳಕೆಕಾಳನ್ನು ಹಸಿಯಾಗಿ ಕೊಡುವ ಬದಲು ಹಬೆಯಲ್ಲಿ ಒಂದು ಕುದಿ ತೋರಿಸಿ. ಹೊರಗಿನ ಮಂಜುಗಡ್ಡೆ ಕುಡಿಯುವ ಪಾನೀಯಕ್ಕೆ ಹಾಕಲೇಬೇಡಿ.

ಹಾಲ್ ಬಾಡಿಗೆಗೆ ಕೊಡುವವರಿಗೆ

2019ರ ಮೇ 24ರಂದು ಸೂರತ್‌ನ ಸರ್ಥಾಣಾದಲ್ಲಿ ತಕ್ಷಶಿಲಾ ಆರ್ಕೇಡ್ ಕಟ್ಟಡಕ್ಕೆ ಬೆಂಕಿ ಬಿದ್ದು, ಮೇಲ್ಮಹಡಿಯ ತರಗತಿಯಲ್ಲಿದ್ದ 22 ವಿದ್ಯಾರ್ಥಿಗಳು ಸತ್ತರು. ಅದೂ ರಜೆಯ ಕಾಲವೇ. 2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ 27 ಜನ ಬೆಂಕಿಗೆ ಬಲಿಯಾದರು. ಅದೇ ವರ್ಷ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಇವನ್ನು ಓದಿದ ಮೇಲೂ ಒಂದೇ ಮೆಟ್ಟಿಲಿನ ಮೇಲ್ಮಹಡಿಯಲ್ಲಿ, ಕೆಳಗೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು, 50 ಮಕ್ಕಳನ್ನು ಕೂರಿಸಲು ಯಾರಿಗೂ ಧೈರ್ಯ ಬರಬಾರದು. ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಎರಡನೆಯ ಬಾಗಿಲು ಇಲ್ಲದಿದ್ದರೆ ಹಾಲ್ ಕೊಡಬೇಡಿ. ಪಿಕ್ನಿಕ್ಕಿಗೆ ಊಟ ಕಟ್ಟಿಕೊಡುವ ಕರಾರಾದರೆ ಎಲ್ಲಿಗೆ, ಯಾವ ವಾಹನದಲ್ಲಿ ಎಂದು ಕೇಳಿ ತಿಳಿದುಕೊಳ್ಳಿ.

ಆಹಾರ ಸುರಕ್ಷಾ ಲೈಸೆನ್ಸ್ ಸ್ಥಳಕ್ಕೆ ಕೊಡುವಂಥದ್ದು. ಹೋಟೆಲಿನ ಲೈಸೆನ್ಸಿನಲ್ಲಿ ಶಿಬಿರದ ಜಾಗದಲ್ಲೇ ಅಡುಗೆಮನೆ ಹೂಡುವಂತಿಲ್ಲ. ಶಿಬಿರ ಶಾಲೆಯ ಆವರಣದಲ್ಲಾದರೆ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಆವರಣದೊಳಗೂ ಸುತ್ತಲಿನ 50 ಮೀಟರಿನಲ್ಲೂ ಮಾರುವಂತಿಲ್ಲ. ಜಾಹೀರಾತಿನಲ್ಲಿ ನಮ್ಮ ಹೋಟೆಲಿನ ಹೆಸರು ಹಾಕುವ ಮೊದಲು ಬರಹ ಓದಿ. ಬೊಜ್ಜು ಕರಗಿಸುವ ಔಷಧದ ಜಾಹೀರಾತಿಗೆ 1954ರ ಕಾಯಿದೆಯಲ್ಲೇ ನಿಷೇಧವಿದೆ. ಊಟದ ಜೊತೆ ಯಾವುದೋ ಪುಡಿ ಬೆರೆಸಿ ಕೊಡಿ ಎಂದರೆ ಅಲ್ಲಿಗೇ ಮಾತು ಮುಗಿಸಿ. ಮಕ್ಕಳ ನಡುವೆ ಓಡಾಡುವ ನಮ್ಮ ಎಲ್ಲ ಕೆಲಸಗಾರರ ಪೊಲೀಸ್ ಪರಿಶೀಲನೆ ಆಗಿರಲಿ.

ಬಡಿಸುವ ಹುಡುಗರಿಗೆ ಒಂದು ಮಾತು ಖಡಕ್ಕಾಗಿ ಹೇಳಬೇಕು. "ಜಾಡಿಯೋ", "ಮೋಟು", "ಡುಮ್ಮ" ಎಂಬ ಶಬ್ದ ತಮಾಷೆಗೂ ಬಾಯಿಂದ ಬರಬಾರದು. ಆ ಮಕ್ಕಳು ಶಾಲೆಯಲ್ಲಿ ಇದನ್ನೇ ಕೇಳಿ ಕೇಳಿ ಬಂದವರು. ಎಲ್ಲರೆದುರು ತೂಕ ನೋಡಿ ಕೂಗಿ ಹೇಳುವ ಪದ್ಧತಿ ಶಿಬಿರದಲ್ಲಿದ್ದರೆ ಊಟದ ಹಾಲಿನಲ್ಲಿ ಅದಕ್ಕೆ ಜಾಗ ಕೊಡಬೇಡಿ. ಊಟ ಬಿಡುವ, ತಿಂದು ವಾಂತಿ ಮಾಡುವ ಹುಡುಗಿಯರು ಇರುತ್ತಾರೆ. ಇದು ತಟ್ಟೆ ತೆಗೆಯುವವನ ಕಣ್ಣಿಗೆ ಮೊದಲು ಬೀಳುತ್ತದೆ, ವೈದ್ಯರ ಕಣ್ಣಿಗಲ್ಲ. ಕಂಡದ್ದನ್ನು ಅದೇ ದಿನ ಶಿಬಿರದ ಮುಖ್ಯಸ್ಥರಿಗೆ ಗುಟ್ಟಾಗಿ ತಿಳಿಸುವ ಕ್ರಮ ಇರಲಿ.

ಕರಾರಿನ ವಿಷಯ ಚುಟುಕಾಗಿ. ಎರಡನೆಯ ವಾರಕ್ಕೆ ಕೆಲವು ಮಕ್ಕಳು ಬಿಟ್ಟುಹೋಗುವುದು ಖಂಡಿತ, ಆದ್ದರಿಂದ ಕನಿಷ್ಠ ಸಂಖ್ಯೆಯನ್ನು ಬರೆಸಿ. ಹಣ ಮೂರು ಕಂತಿನಲ್ಲಿ, ಮೊದಲನೆಯದು ಶಿಬಿರ ತೊಡಗುವ ಮೊದಲೇ ಬರಲಿ. ತೂಕ ಇಷ್ಟು ಇಳಿಯದಿದ್ದರೆ ಬಿಲ್ಲಿನಲ್ಲಿ ಕಡಿತ ಎಂಬ ಷರತ್ತನ್ನು ಎಂದೂ ಒಪ್ಪಬೇಡಿ. ಕೊನೆಯ ಭಾನುವಾರ ತಂದೆ ತಾಯಿಯರನ್ನು ಕರೆಸಿ, ಅದೇ ಊಟ ಬಡಿಸಿ, ಮನೆಯಲ್ಲಿ ಮಾಡುವ ಅಳತೆಯನ್ನು ಭಟ್ಟರಿಂದಲೇ ತೋರಿಸಿದರೆ ಒಳ್ಳೆಯದು. ಶಿಬಿರದಲ್ಲಿ ಇಳಿದ ತೂಕ ಮತ್ತೆ ಏರುವುದು ಮನೆಯ ಅಡುಗೆಯಲ್ಲೇ. ಆ ದಿನ ಬಂದವರು ಮುಂದೆ ನಮ್ಮ ಹೋಟೆಲಿನಲ್ಲಿ ಕಡಿಮೆ ಎಣ್ಣೆಯ ದೋಸೆ ಕೇಳಿಕೊಂಡು ಬಂದರೆ ಅದೂ ಒಂದು ಲಾಭ.

ಎಲ್ಲಕ್ಕಿಂತ ಮೊದಲು ಕೆಲಸಗಾರರನ್ನು ನೋಡಿಕೊಳ್ಳಿ. ಶಿಬಿರ ಬರುವುದು ಮೇಯಲ್ಲಿ, ನಮ್ಮ ಭಟ್ಟರು ಹುಡುಗರೆಲ್ಲ ಮದುವೆ, ನೇಮ, ಮಕ್ಕಳ ರಜೆ ಎಂದು ಊರಿಗೆ ಹೊರಡುವುದೂ ಮೇಯಲ್ಲೇ. 2024ರ ನವೆಂಬರಿನಿಂದ ರೈಲಿನ ಮುಂಗಡ ಟಿಕೆಟು 60 ದಿನ ಮೊದಲು ತೆರೆಯುತ್ತದೆ, ಅಂದರೆ ಕೊಂಕಣ ರೈಲಿನ ಮೇ ತಿಂಗಳ ಟಿಕೆಟು ಮಾರ್ಚಿನಲ್ಲೇ ಮುಗಿಯುತ್ತದೆ. ಶಿಬಿರದ ಮಾತುಕತೆಯನ್ನು ಫೆಬ್ರವರಿಯೊಳಗೆ ಮುಗಿಸಿ, ಯಾರು ನಿಲ್ಲುತ್ತಾರೆ, ಯಾರು ಜೂನ್‌ನಲ್ಲಿ ಹೋಗುತ್ತಾರೆ ಎಂದು ಕೇಳಿಕೊಂಡು ಆಮೇಲೆ ಮುಂಗಡ ತೆಗೆದುಕೊಳ್ಳಿ.